ನರಕೋಶ ತನ್ನ ಗ್ರಾಹಕಗಳನ್ನು ತಾನೇ ಹೊಂದಿಸಿಕೊಳ್ಳುವ ಬಗೆ

ಮಿದುಳಿನ ಬಗ್ಗೆ ಜನ ಆಡುವ ಮಾತುಗಳೆಲ್ಲ ರಾಸಾಯನಿಕಗಳ ಮಟ್ಟದ ಸುತ್ತಲೇ ಗಿರಕಿ ಹೊಡೆಯುತ್ತವೆ. ಡೋಪಮಿನ್ ಏರಿತು, ಸೆರೊಟೋನಿನ್ ಇಳಿಯಿತು ಎಂದುಬಿಟ್ಟರೆ ಮನಸ್ಸಿನ ಲೆಕ್ಕ ಮುಗಿಯಿತೆಂಬ ಧಾಟಿ. ಕೇಳಿದಾಗಲೆಲ್ಲ ನನಗೆ ಕಸಿವಿಸಿಯಾಗುತ್ತದೆ. ಒಂದು ನರಕೋಶದಿಂದ ಇನ್ನೊಂದಕ್ಕೆ ಸಂದೇಶ ಒಯ್ಯುವ ಇಂಥ ರಾಸಾಯನಿಕ, ಅಂದರೆ ನರಪ್ರೇಷಕ, ಎಷ್ಟೇ ಸುರಿಯಲಿ, ಅದನ್ನು ಹಿಡಿದುಕೊಳ್ಳುವ ಗ್ರಾಹಕ ಪ್ರೋಟೀನುಗಳು ಎದುರಿನ ಪೊರೆಯಲ್ಲಿ ಇಲ್ಲದಿದ್ದರೆ ಅದರಿಂದ ಏನೂ ಆಗದು. ಆ ಗ್ರಾಹಕಗಳು ಎಷ್ಟಿರಬೇಕು, ಎಲ್ಲಿರಬೇಕು ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ನರಕೋಶದ ಚಟುವಟಿಕೆಯೇ.

ಇದಕ್ಕೊಂದು ಸೊಗಸಾದ ಪುರಾವೆ ಸಿಕ್ಕಿದ್ದು ಸ್ನಾಯುವಿನಲ್ಲಿ. ನರವನ್ನು ಕತ್ತರಿಸಿದರೆ ಸ್ನಾಯುವಿನ ಎಳೆಯ ಉದ್ದಕ್ಕೂ, ನರ ಸ್ನಾಯುವಿಗೆ ಸಂದೇಶ ಕೊಡಲು ಬಳಸುವ ರಾಸಾಯನಿಕವಾದ ಅಸಿಟೈಲ್‌ಕೋಲಿನ್ ಗ್ರಾಹಕಗಳು ಕಾಣಿಸಿಕೊಳ್ಳುತ್ತವೆ. ಸಹಜ ಸ್ಥಿತಿಯಲ್ಲಿ ಅವು ನರ ಬಂದು ಕೂಡುವ ಜಾಗದಲ್ಲಿ ಮಾತ್ರ ಒತ್ತಾಗಿರುತ್ತವೆ. ನರದಿಂದ ಒಸರುವ ಯಾವುದೋ ಪೋಷಕ ವಸ್ತು ತಪ್ಪಿದ್ದೇ ಇದಕ್ಕೆ ಕಾರಣವಿರಬಹುದೇ? 1972ರಲ್ಲಿ ವಿಜ್ಞಾನಿಗಳಾದ ಲೋಮೊ ಮತ್ತು ರೋಸೆಂತಾಲ್ ನರ ಕಳೆದುಕೊಂಡ ಇಲಿಯ ಸ್ನಾಯುವಿಗೆ ನೇರವಾಗಿ ವಿದ್ಯುತ್ ಪ್ರಚೋದನೆ ಕೊಟ್ಟರು. ಎಳೆಯ ಉದ್ದಕ್ಕೂ ಹರಡಿದ್ದ ಆ ರಾಸಾಯನಿಕದ ಸಂವೇದನೆ ಹಿಂದೆ ಸರಿಯಿತು. ನರವೇ ಬೇಕೆಂದಿರಲಿಲ್ಲ, ಚಟುವಟಿಕೆ ಸಾಕಾಗಿತ್ತು. ಇದೇ ಲೋಮೊ ಮರುವರ್ಷ ಟಿಮ್ ಬ್ಲಿಸ್ ಜೊತೆಗೂಡಿ ಇನ್ನೊಂದು ವರದಿ ಪ್ರಕಟಿಸಿದರು: ಮೊಲದ ಮಿದುಳಿನಲ್ಲಿ ನೆನಪಿಗೆ ನೆರವಾಗುವ ಭಾಗವಾದ ಹಿಪೊಕ್ಯಾಂಪಸ್‌ನಲ್ಲಿ ಕೆಲವೇ ಸೆಕೆಂಡುಗಳ ಬಿರುಸಿನ ಪ್ರಚೋದನೆಯಿಂದ ನರಕೋಶಗಳು ಕೂಡುವ ತಾಣಗಳಾದ ಸಿನಾಪ್ಸ್‌ಗಳು ಗಂಟೆಗಟ್ಟಲೆ ಬಲಗೊಂಡಿರುತ್ತವೆ.

ಹೇಗೆ? ಉತ್ತರದ ತಿರುಳು ಮಿದುಳಿನ ನರಪ್ರೇಷಕಗಳಲ್ಲೊಂದಾದ ಗ್ಲುಟಮೇಟ್‌ನ ಎರಡು ಗ್ರಾಹಕಗಳಲ್ಲಿದೆ. ಆಂಪಾ ಗ್ರಾಹಕ ಸರಳ: ಗ್ಲುಟಮೇಟ್ ಅಂಟಿದೊಡನೆ ತೆರೆದುಕೊಂಡು ಸೋಡಿಯಂ ಅಯಾನುಗಳನ್ನು ಒಳಬಿಡುತ್ತದೆ. ಎನ್‌ಎಂಡಿಎ ಗ್ರಾಹಕದ ಕಥೆಯೇ ಬೇರೆ. ಗ್ಲುಟಮೇಟ್ ಬಂದರೆ ಅದೂ ತೆರೆಯುತ್ತದೆ, ಆದರೆ ಬಾಗಿಲು ತೆರೆದಿದ್ದರೂ ಹೊಸ್ತಿಲಲ್ಲಿ ಯಾರೋ ಅಡ್ಡ ನಿಂತಂತೆ ಒಂದು ಮೆಗ್ನೀಸಿಯಂ ಅಯಾನು ಅದರ ರಂಧ್ರವನ್ನು ಮುಚ್ಚಿಕೊಂಡಿರುತ್ತದೆ. ನರಕೋಶದ ಒಳಭಾಗ ಋಣಾತ್ಮಕವಾಗಿರುವಷ್ಟು ಹೊತ್ತು ಧನ ಆವೇಶದ ಆ ಅಯಾನು ಆ ಸೆಳೆತಕ್ಕೆ ಸಿಕ್ಕಿ ಅಲ್ಲೇ ಕೂತಿರುತ್ತದೆ. ಕೋಶ ಸಾಕಷ್ಟು ಉದ್ರೇಕಗೊಂಡು ಆ ಸೆಳೆತ ಸಡಿಲಿದಾಗಷ್ಟೇ ಅದು ಹೊರಬೀಳುತ್ತದೆ. ಅಂದರೆ ಸಂದೇಶ ಬಂದಿರಬೇಕು, ಪಡೆಯುವ ಕೋಶವೂ ಅದೇ ಕ್ಷಣದಲ್ಲಿ ಚುರುಕಾಗಿರಬೇಕು. ಎರಡು ಘಟನೆಗಳು ಏಕಕಾಲಕ್ಕೆ ನಡೆದದ್ದನ್ನು ಒಂದೇ ಒಂದು ಪ್ರೋಟೀನು ಗುರುತಿಸುತ್ತದೆ! 1984ರಲ್ಲಿ ಎರಡು ತಂಡಗಳು ಇದನ್ನು ತೋರಿಸಿಕೊಟ್ಟವು. ಜೀವವಿಜ್ಞಾನದಲ್ಲಿ ಇಷ್ಟು ಅಚ್ಚುಕಟ್ಟಾದ ಏರ್ಪಾಡು ನನಗೆ ಬೇರೆ ಕಂಡಿಲ್ಲ.

ಮೆಗ್ನೀಸಿಯಂ ಸರಿದಾಗ ಆ ರಂಧ್ರದ ಮೂಲಕ ಒಳನುಗ್ಗುವ ಕ್ಯಾಲ್ಸಿಯಂ ಕಿಣ್ವಗಳನ್ನು ಎಚ್ಚರಿಸುತ್ತದೆ, ಪೊರೆಯ ಮೇಲೆ ಅಲೆದಾಡುತ್ತಿದ್ದ ಆಂಪಾ ಗ್ರಾಹಕಗಳು ಸಿನಾಪ್ಸ್‌ನಲ್ಲಿ ನೆಲೆ ನಿಲ್ಲುತ್ತವೆ. ಕ್ಯಾಲ್ಸಿಯಂ ಅಲ್ಪಸ್ವಲ್ಪವಾಗಿ, ನಿಧಾನವಾಗಿ ಜಿನುಗಿದರೆ ಫಲ ತಿರುವುಮುರುವು: ಇದ್ದ ಗ್ರಾಹಕಗಳನ್ನೇ ಕೋಶ ಒಳಗೆಳೆದುಕೊಳ್ಳುತ್ತದೆ.

ಬಲಗೊಂಡದ್ದು ಇನ್ನಷ್ಟು ಬಲಗೊಳ್ಳುತ್ತಲೇ ಹೋದರೆ ಮಿದುಳು ಉದ್ರೇಕದಲ್ಲಿ ಮುಳುಗಿಹೋಗಬೇಕಲ್ಲ? 1998ರಲ್ಲಿ ಜೀನಾ ಟರಿಜಿಯಾನೊ ಮತ್ತು ಸಂಗಡಿಗರು ಇದಕ್ಕೆ ತಡೆಯನ್ನು ಕಂಡುಕೊಂಡರು. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಇಲಿಯ ನರಕೋಶಗಳ ಚಟುವಟಿಕೆಯನ್ನು ಎರಡು ದಿನ ನಿಲ್ಲಿಸಿದಾಗ ಸಿನಾಪ್ಸ್‌ಗಳ ಸ್ಪಂದನ ಹೆಚ್ಚಿತು. ಚಟುವಟಿಕೆಯನ್ನು ಕೆರಳಿಸಿದಾಗ ತಗ್ಗಿತು. ಬದಲಾವಣೆ ಎಲ್ಲ ಸಿನಾಪ್ಸ್‌ಗಳಲ್ಲೂ ಒಂದೇ ಅನುಪಾತದಲ್ಲಿತ್ತು, ಕೂಡಿಸಿದಂತಲ್ಲ, ಗುಣಿಸಿದಂತೆ. ಹಾಗಾಗಿ ಒಟ್ಟು ಬಲ ಏರಿಳಿದರೂ ಯಾವ ಸಿನಾಪ್ಸ್ ಯಾವುದಕ್ಕಿಂತ ಎಷ್ಟು ಪಟ್ಟು ಬಲವಾಗಿತ್ತೋ ಆ ಅನುಪಾತ ಹಾಗೆಯೇ ಉಳಿಯುತ್ತದೆ.