ವೆನಿಸ್: ಪ್ರಣಯನಗರಿಯಿಂದ ಜನ ಹೊರಟುಹೋದ ಬಗೆ

ರಿಯಾಲ್ಟೊ ಸೇತುವೆಗೆ ಸಮೀಪದ ಸಾನ್ ಬಾರ್ತೊಲೊಮಿಯೊ ಚೌಕದಲ್ಲಿರುವ ಔಷಧದಂಗಡಿಯೊಂದರ ಗಾಜಿನ ಹಿಂದೆ 2008ರಲ್ಲಿ ಒಂದು ಅಂಕಿಫಲಕವನ್ನು ಇರಿಸಲಾಯಿತು. ವೆನಿಸ್‌ನ ಹಳೆಯ ದ್ವೀಪನಗರದಲ್ಲಿ ಇನ್ನೂ ಎಷ್ಟು ಮಂದಿ ವಾಸವಾಗಿದ್ದಾರೆ ಎಂಬುದನ್ನು ಅದು ತೋರಿಸುತ್ತದೆ. 1951ರಲ್ಲಿ ಅಲ್ಲಿ ಸುಮಾರು 1,75,000 ಜನರಿದ್ದರು. 2022ರಲ್ಲಿ ಆ ಸಂಖ್ಯೆ 50,000ಕ್ಕಿಂತ ಕೆಳಗಿಳಿಯಿತು. ಈ ಊರನ್ನು ಅರಿಯಬೇಕೆನ್ನುವವರು ಗೊಂಡೊಲಾ ಹತ್ತುವ ಮೊದಲು ಆ ಫಲಕದ ಮುಂದೆ ಒಂದು ಗಳಿಗೆ ನಿಲ್ಲಬೇಕು.

ಪ್ರಣಯನಗರಿ ಎಂಬ ಹೆಸರು ವೆನಿಸ್‌ಗೆ ಅದರ ವೈಭವದ ಕಾಲದಲ್ಲಿ ಅಂಟಿಕೊಂಡದ್ದಲ್ಲ. ಗಣರಾಜ್ಯವಾಗಿದ್ದಾಗ ಅದು ದುಡಿಯುವವರ ಊರು. ಆರ್ಸೆನಾಲೆ ಎಂಬ ಸರ್ಕಾರಿ ಹಡಗು ಕಾರ್ಖಾನೆಯಲ್ಲಿ ಸಾವಿರಾರು ಕುಶಲಕರ್ಮಿಗಳು ದುಡಿಯುತ್ತಿದ್ದರು. ನಗರವನ್ನು ಸುತ್ತುವರಿದ ಆಳವಿಲ್ಲದ ಲಗೂನ್ (ಕಡಲ ಹಿನ್ನೀರು) ಹೂಳಿನಿಂದ ಮುಚ್ಚಿಹೋಗಬಾರದೆಂದು ಅಲ್ಲಿನ ಆಡಳಿತ ಬ್ರೆಂತಾ, ಪಿಯಾವೆಯಂಥ ನದಿಗಳ ಪಾತ್ರವನ್ನೇ ಬೇರೆಡೆಗೆ ತಿರುಗಿಸಿತ್ತು. 1797ರಲ್ಲಿ ನೆಪೋಲಿಯನ್ ಆ ಗಣರಾಜ್ಯವನ್ನು ಕೊನೆಗಾಣಿಸಿದ ಮೇಲೆ ವ್ಯಾಪಾರ ಕುಗ್ಗಿ, ಬಡತನ ಹರಡಿ, ಅರಮನೆಗಳ ಗೋಡೆಗಳು ಕಳಚತೊಡಗಿದ ದಿನಗಳಲ್ಲಿ ಅಲ್ಲಿಗೆ ಬಂದ ಪರದೇಶದ ಕವಿಗಳೂ ಚಿತ್ರಕಾರರೂ ಆ ಅವನತಿಯಲ್ಲೇ ಸೌಂದರ್ಯವನ್ನು ಕಂಡರು. ಇಂದು ಪ್ರೇಮಿಗಳು ಅರಸಿಕೊಂಡು ಬರುವ ‘ನಿಟ್ಟುಸಿರಿನ ಸೇತುವೆ’ಯು ಗಣರಾಜ್ಯದ ಮುಖ್ಯಸ್ಥನಾದ ಡೋಜ್‌ನ ಅರಮನೆಯಿಂದ ಸೆರೆಮನೆಗೆ ಕೈದಿಗಳನ್ನು ದಾಟಿಸಲು 17ನೆಯ ಶತಮಾನದ ಆರಂಭದಲ್ಲಿ ಕಟ್ಟಿದ ಮುಚ್ಚುದಾರಿ. ಆ ಮಾತನ್ನು ಮರೆಯುವುದು ಕೈದಿಗಳಿಗೂ ಚರಿತ್ರೆಗೂ ಮಾಡುವ ಅನ್ಯಾಯವೆಂದೇ ನನ್ನ ಭಾವನೆ.

1917ರಲ್ಲಿ ಎದುರಿನ ದಡದ ಮಾರ್ಗೇರಾದಲ್ಲಿ ಬಂದರು ಮತ್ತು ಕೈಗಾರಿಕಾ ವಲಯದ ಕೆಲಸ ಆರಂಭವಾಯಿತು. ಅದು ಸಾವಿರಾರು ಕುಟುಂಬಗಳಿಗೆ ಅನ್ನ ಕೊಟ್ಟಿತು, ಲಗೂನಿಗೆ ಆಳವಾದ ಪೆಟ್ಟನ್ನೂ ಕೊಟ್ಟಿತು. ತೈಲದ ಹಡಗುಗಳಿಗಾಗಿ 1960ರ ದಶಕದಲ್ಲಿ ಆಳದ ಕಾಲುವೆಯನ್ನು ತೋಡಲಾಯಿತು. ಕಾರ್ಖಾನೆಗಳಿಗಾಗಿ ಅಂತರ್ಜಲವನ್ನು ಎತ್ತಿದ್ದರಿಂದ ನೆಲ ಕುಸಿಯಿತು. ನೆಲದ ಕುಸಿತವೂ ಕಡಲಿನ ಏರಿಕೆಯೂ ಸೇರಿ, 20ನೆಯ ಶತಮಾನದಲ್ಲಿ ನೀರಿಗೆ ಹೋಲಿಸಿದರೆ ನಗರ ಸುಮಾರು 23 ಸೆಂ.ಮೀ. ತಗ್ಗಿತು. ಕೇಳುವುದಕ್ಕೆ ಇದು ಅಲ್ಪ. ಆದರೆ ಅಲ್ಲಿನ ಮನೆಗಳ ಬುಡದಲ್ಲಿ ನೀರು ಹೀರದಂತೆ ಏಡ್ರಿಯಾಟಿಕ್ ಕಡಲತೀರದ ಇಸ್ತ್ರಿಯಾ ಪ್ರದೇಶದ ಬಿಳಿಯ ಕಲ್ಲನ್ನು ಇಟ್ಟು, ಅದರ ಮೇಲಷ್ಟೇ ಇಟ್ಟಿಗೆಯ ಗೋಡೆಯನ್ನು ಎಬ್ಬಿಸಿರುತ್ತಾರೆ. ನೀರು ಕಲ್ಲನ್ನು ದಾಟಿ ಇಟ್ಟಿಗೆಯನ್ನು ಮುಟ್ಟಿದರೆ ಉಪ್ಪು ಗೋಡೆಯೊಳಗೆ ಏರುತ್ತದೆ. ಒಣಗಿದಾಗ ಹರಳುಗಟ್ಟಿ ಇಟ್ಟಿಗೆಯನ್ನು ಪುಡಿಪುಡಿಯಾಗಿ ಉದುರಿಸುತ್ತದೆ. ಪ್ರವಾಸಿ ಮೆಚ್ಚಿ ಚಿತ್ರ ತೆಗೆಯುವ ಮಾಸಿದ ಗೋಡೆಯ ಹಿಂದೆ ಅನೇಕ ಕಡೆ ಈ ರೋಗವಿದೆ.

1966ರ ನವೆಂಬರ್ 4ರಂದು ಕಡಲ ನೀರು ಅಳತೆಯ ಮೂಲಮಟ್ಟಕ್ಕಿಂತ 194 ಸೆಂ.ಮೀ. ಏರಿತು. ಒಡೆದ ಟ್ಯಾಂಕುಗಳ ಎಣ್ಣೆ ಬೆರೆತ ನೀರು ನೆಲಮಹಡಿಯ ಮನೆಗಳಿಗೆ ನುಗ್ಗಿತು, ಮತ್ತು ಅಂಥ ಮನೆಗಳಲ್ಲಿದ್ದ ಬಡಕುಟುಂಬಗಳಲ್ಲಿ ಅನೇಕವು ಎದುರಿನ ದಡದ ಮೆಸ್ತ್ರೆಗೆ ಹೋಗಿ ನೆಲೆಸಿದವು. ಅಲ್ಲಿ ಬಾಡಿಗೆ ಕಡಿಮೆ, ಗೋಡೆ ಒಣ, ಕೆಲಸ ಹತ್ತಿರ. ಪ್ರವಾಹ ತಡೆಯುವ ಮೋಸೆ ಯೋಜನೆಯ ಕಾಮಗಾರಿ ಆರಂಭವಾದದ್ದು 2003ರಲ್ಲಿ; 2014ರಲ್ಲಿ ಅದರ ಭ್ರಷ್ಟಾಚಾರ ಹಗರಣದಲ್ಲಿ ಅಂದಿನ ಮೇಯರ್ ಸೇರಿ ಹಲವರು ಬಂಧಿತರಾದರು. 2019ರಲ್ಲಿ ನೀರು ಮತ್ತೆ 187 ಸೆಂ.ಮೀ. ಏರಿತು. ಲಗೂನು ಕಡಲಿಗೆ ತೆರೆಯುವ ಮೂರು ಬಾಯಿಗಳಲ್ಲಿ ಈ ಯೋಜನೆಯಡಿ ಅಳವಡಿಸಿದ 78 ಕದಗಳು ಉಬ್ಬರವನ್ನು ಮೊದಲ ಬಾರಿಗೆ ತಡೆದದ್ದು 2020ರ ಅಕ್ಟೋಬರ್ 3ರಂದು.

ಕಡಲನ್ನು ತಡೆಯಲು ಕದಗಳು ಸಿಕ್ಕವು, ಹೋದವರನ್ನು ಕರೆತರುವ ಉಪಾಯ ಸಿಕ್ಕಿಲ್ಲ. ಖಾಲಿಯಾದ ಮನೆಗಳು ಪ್ರವಾಸಿಗರ ತಂಗುದಾಣಗಳಾದವು. ವಾಸಕ್ಕೆ ಬಾಡಿಗೆ ಮನೆ ಸಿಗುವುದು ಕಷ್ಟವಾಯಿತು. 2024ರ ಏಪ್ರಿಲ್ 25ರಿಂದ, ಆಯ್ದ 29 ದಿನಗಳಲ್ಲಿ, ಬಂದು ಅಂದೇ ಮರಳುವ ಪ್ರವಾಸಿಗರಿಗೆ 5 ಯೂರೋ ಪ್ರವೇಶ ಶುಲ್ಕ ವಿಧಿಸಲಾಯಿತು. ಮೊದಲ ದಿನವೇ ನಿವಾಸಿಗಳು ಬೀದಿಗಿಳಿದು ಅದನ್ನು ವಿರೋಧಿಸಿದರು. ಟಿಕೆಟ್ ಇಟ್ಟರೆ ಊರು ವಸ್ತುಸಂಗ್ರಹಾಲಯವಾಗುತ್ತದೆ, ನಮಗೆ ಬೇಕಾದದ್ದು ವಾಸಕ್ಕೆ ಮನೆ ಎಂಬುದು ಅವರ ವಾದ. ಅಲ್ಪಾವಧಿ ಬಾಡಿಗೆಗೆ ಮಿತಿ ಹಾಕುವ ಅಧಿಕಾರವನ್ನು ಇಟಲಿಯ ಸಂಸತ್ತು 2022ರಲ್ಲೇ ವೆನಿಸ್‌ನ ನಗರಾಡಳಿತಕ್ಕೆ ನೀಡಿದ್ದು, ಅದನ್ನು ಜಾರಿಗೆ ತರಬೇಕೆಂಬುದು ಅಲ್ಲಿ ಉಳಿದಿರುವವರ ಬೇಡಿಕೆಯಾಗಿತ್ತು.