ಮಾರಲು ಮನಸ್ಸಿಲ್ಲದವರ ಶೆಡ್ಡಿನಲ್ಲಿರುವ ಹಳೇ ಕಾರು

ದಶಕಗಳಿಂದ ಶೆಡ್ಡಿನಲ್ಲಿ ನಿಂತ ಕಾರನ್ನು ‘ಕೊಡೋದಿಲ್ಲ’ ಎನ್ನುವವರಿಗೆ ಬೆಲೆಯೇ ಅಡ್ಡಿಯಾಗಿರುವುದು ಕಡಿಮೆ. ಎಂದಾದರೂ ತಾವೇ ಸರಿಮಾಡಿಸುವ ಆಸೆ ಇರುತ್ತದೆ, ತೀರಿಕೊಂಡವರ ನೆನಪಿರುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಕೊಂಡವನು ಬಿಚ್ಚಿ ಬಿಡಿಭಾಗವಾಗಿ ಮಾರಿಬಿಟ್ಟರೆ ಎಂಬ ಭಯ. ಹಾಗಾಗಿ ಮೊದಲ ಭೇಟಿಯಲ್ಲಿ ದುಡ್ಡಿನ ಮಾತು ಬೇಡ. ಕಾರು ಕೊನೆಗೆ ಓಡಿದ್ದು ಯಾವಾಗ, ನಿಂತಿದ್ದು ಏಕೆ ಎಂದು ಕೇಳಿ. ಇದು ಬರೀ ಮಾತು ಬೆಳೆಸಲಿಕ್ಕಲ್ಲ: ಕ್ಲಚ್ ಸವೆದು ನಿಂತ ಕಾರಿಗೂ ಎಂಜಿನ್ ಕಾದು ಅದರ ಮೇಲ್ಭಾಗದ ಹೆಡ್ ಬಿರುಕುಬಿಟ್ಟು ನಿಂತ ಕಾರಿಗೂ ಖರ್ಚಿನಲ್ಲಿ ಅಜಗಜಾಂತರ.

ಖುಷಿಯಾದ ಮಾಲೀಕರು ‘ಬ್ಯಾಟರಿ ಹಾಕಿ ಸ್ಟಾರ್ಟ್ ಮಾಡೋಣ’ ಎನ್ನುತ್ತಾರೆ. ಒಪ್ಪಬೇಡಿ. ಪಿಸ್ಟನ್ ರಿಂಗುಗಳು ಸಿಲಿಂಡರಿಗೆ ತುಕ್ಕಿನಿಂದ ಅಂಟಿರಬಹುದು. ಗೈಡಿನಲ್ಲಿ, ಅಂದರೆ ವಾಲ್ವ್ ಆಡುವ ಕೊಳವೆಯಲ್ಲಿ, ವಾಲ್ವ್ ಕಚ್ಚಿಕೊಂಡಿದ್ದರೆ ಅದನ್ನು ತೆರೆಯುವ ಪುಶ್‌ರಾಡ್ ಎಂಬ ಸರಳು ಬಾಗುತ್ತದೆ. ಟ್ಯಾಂಕಿನಲ್ಲಿ ಅಂಟಾದ ಹಳೇ ಪೆಟ್ರೋಲು ತುಕ್ಕನ್ನೂ ಎಳೆದುಕೊಂಡು ಕಾರ್ಬುರೇಟರಿಗೆ ಹೋಗುತ್ತದೆ. ಅನುಮತಿ ಸಿಕ್ಕರೆ ಸ್ಪಾರ್ಕ್ ಪ್ಲಗ್ ಬಿಚ್ಚಿ, ಪ್ರತಿ ಸಿಲಿಂಡರಿಗೆ 15–20 ಮಿ.ಲೀ. ತುಕ್ಕು ಬಿಡಿಸುವ ಎಣ್ಣೆ ಹಾಕಿ, ಕೆಲವು ದಿನ ಬಿಟ್ಟು ಬಂದು ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಸ್ಪ್ಯಾನರ್ ಕೊಟ್ಟು ಎಂಜಿನ್ನನ್ನು ಕೈಯಲ್ಲೇ ತಿರುಗಿಸಿ ನೋಡಿ. ಬಲವಂತ ಬೇಡ. ಅನುಮತಿ ಸಿಗದಿದ್ದರೆ ಎಂಜಿನ್ ಜಾಮ್ ಆಗಿದೆ ಎಂದೇ ಲೆಕ್ಕ ಹಾಕಿಕೊಳ್ಳಿ.

ಎಂಜಿನ್ನಿಗಿಂತ ಬಾಡಿಯೇ ಜೇಬು ಖಾಲಿ ಮಾಡುವುದು. ಬಾಗಿಲ ಕೆಳಗಿನ ಪಟ್ಟಿ, ಕಾರ್ಪೆಟ್ಟಿನಡಿಯ ಫ್ಲೋರ್, ಬಾಗಿಲ ಕಂಬದ ಬುಡ, ಸ್ಪ್ರಿಂಗ್ ಷಾಸಿಗೆ (ಕಾರಿನ ಅಡಿ ಚೌಕಟ್ಟಿಗೆ) ಸೇರುವ ಜಾಗ, ಇವನ್ನು ಟಾರ್ಚ್ ಹಿಡಿದು ಮಲಗಿಯೇ ನೋಡಬೇಕು. ಬಟ್ಟೆ ಸುತ್ತಿದ ಸಣ್ಣ ಆಯಸ್ಕಾಂತ ಉಕ್ಕಿನ ಬಾಡಿಗೆ ಕಚ್ಚದ ಕಡೆ ಒಳಗೆ ಪುಟ್ಟಿ (ತೂತು, ತಗ್ಗು ಮುಚ್ಚಲು ಮೆತ್ತುವ ಲೇಪ) ಇದೆ. ಅಲ್ಯೂಮಿನಿಯಂ ಬಾಡಿಗೆ ಈ ಪರೀಕ್ಷೆ ನಡೆಯುವುದಿಲ್ಲ. ಬಾಗಿಲು ಅರ್ಧ ತೆರೆದು ಮೆಲ್ಲಗೆ ಎತ್ತಿ: ಅಲುಗಾಡಿದರೆ ಕೀಲು ಸವೆದಿದೆ, ಇಲ್ಲವೇ ತೀರಾ ಹಳೆಯ ಕಾರಾದರೆ ತಗಡಿನೊಳಗಿನ ಮರದ ಚೌಕಟ್ಟು ಕೊಳೆತಿದೆ. ತಗಡು ಎಷ್ಟು ಚೆನ್ನಾಗಿ ಕಂಡರೂ ಮರ ಪುಡಿಯಾಗಿರಬಹುದು.

ಷಾಸಿ ನಂಬರನ್ನು ದಾಖಲೆಯ ಜತೆ ತಾಳೆ ನೋಡುವಾಗ ಎಣ್ಣೆ ಹಚ್ಚಿ ಬಟ್ಟೆಯಿಂದ ಒರೆಸಿ. ಗ್ರೈಂಡರ್ ತಗುಲಿಸಿದರೆ ನಂಬರ್ ತಿದ್ದಿದಂತೆ ಕಾಣುತ್ತದೆ, ಆಮೇಲೆ ಉತ್ತರ ಹೇಳಬೇಕಾದವರು ನೀವೇ. ದಾಖಲೆ ತೀರಿಹೋದವರ ಹೆಸರಿನಲ್ಲಿದ್ದರೆ ವಾರಸುದಾರರೆಲ್ಲರ ಸಹಿ ಬೇಕು. ಮನೆಯಲ್ಲಿ ಒಬ್ಬರಿಗೆ ಸಮ್ಮತಿಯಿಲ್ಲದಿದ್ದರೂ ಅಲ್ಲಿಗೇ ನಿಲ್ಲಿಸಿ.

ಇಲ್ಲದ ಭಾಗಗಳ ಪಟ್ಟಿ ಬರೆದುಕೊಳ್ಳಿ. ಗ್ಯಾಸ್ಕೆಟ್, ಬುಷ್ ಮಾಡಿಸಬಹುದು. ಹೆಡ್‌ಲೈಟ್ ರಿಮ್, ಮೀಟರು, ಬಾಗಿಲ ಹಿಡಿ, ಕ್ರೋಮ್ ಪಟ್ಟಿಗಳಿಗೆ ವರ್ಷಗಟ್ಟಲೆ ಹುಡುಕಬೇಕಾದೀತು. ಸತುವಿನ ಎರಕದ ಹಿಡಿಗಳಲ್ಲಿ ಗುಳಿ ಬಿದ್ದಿದ್ದರೆ ಹೊಸ ಕ್ರೋಮ್ ಸುಲಭಕ್ಕೆ ಕೂರುವುದಿಲ್ಲ.

ಈ ಹುಳುಕುಗಳನ್ನೆಲ್ಲ ಮಾಲೀಕರ ಮುಂದೆ ಎತ್ತಿ ಆಡಿದರೆ ಬೆಲೆ ಇಳಿಯುವುದಿಲ್ಲ, ಬಾಗಿಲು ಮುಚ್ಚುತ್ತದೆ. ಲೆಕ್ಕ ಮನೆಯಲ್ಲಿ ಹಾಕಿ. ಸಿದ್ಧವಾದ ಕಾರಿನ ಬೆಲೆಯಿಂದ ಕೆಲಸದ ಖರ್ಚು ಕಳೆದರೆ ಎಷ್ಟೋ ಸಲ ಸೊನ್ನೆಯೂ ಉಳಿಯುವುದಿಲ್ಲ. ಆದರೂ ಬೇಕೆನಿಸಿದರೆ ನಿಮಗೆ ಕೈಲಾಗುವ ಒಂದೇ ಬೆಲೆ ಬರೆದು ಕೊಟ್ಟು ಬನ್ನಿ. ಅದರಲ್ಲೇ ಎರಡು ಸಾಲು ಸೇರಿಸಿ: ‘ಬಿಚ್ಚಿ ಮಾರುವುದಿಲ್ಲ, ಮುಂದೆ ಮಾರುವುದಾದರೆ ಮೊದಲು ನಿಮ್ಮನ್ನೇ ಕೇಳುತ್ತೇನೆ.’ ಕಾರು ಎಲ್ಲಿಗೆ ಹೋಗುತ್ತದೆ ಎಂಬ ಚಿಂತೆಯವರಿಗೆ ಹೆಚ್ಚಿಸಿದ ಹಣಕ್ಕಿಂತ ಇದು ಹೆಚ್ಚು ನಾಟುತ್ತದೆ. ಪಾಲಿಸಲಾಗದಿದ್ದರೆ ಬರೆಯಲೇಬೇಡಿ. ಆಮೇಲೆ ಕೆಲವು ತಿಂಗಳಿಗೊಮ್ಮೆ ವಿಚಾರಿಸಿದರೆ ಸಾಕು, ದಿನಾ ಫೋನ್ ಬೇಡ.

ಒಪ್ಪಿದ ಮೇಲೆ ಮಾತ್ರ ತಡಮಾಡಬಾರದು. ಹಣ, ಸಹಿ, ಸಾಗಣೆ ಒಂದೇ ದಿನ ಮುಗಿಯಲಿ. ಬೋಲ್ಟಿನ ಅಳತೆ ಹೊಂದುವ, ಗಾಳಿ ತುಂಬಿದ ನಾಲ್ಕು ಚಕ್ರ, ಎರಡು ಜಾಕ್, ಹಲಗೆ, ಕಾರನ್ನು ಎಳೆಯುವ ವಿಂಚ್ ಜತೆಗಿರಲಿ. ಬ್ರೇಕ್ ಹಿಡಿದಿದ್ದರೆ ಅದರ ಬಿಗಿ ಹೊಂದಿಸುವ ಅಡ್ಜಸ್ಟರ್ ಸಡಿಲಿಸಿ, ಡ್ರಮ್ಮಿನ ಸುತ್ತ ಮರದ ಸುತ್ತಿಗೆಯಿಂದ ತಟ್ಟಿ. ಡ್ರಮ್ ಎರಕದ ಕಬ್ಬಿಣ, ಕಬ್ಬಿಣದ ಸುತ್ತಿಗೆಗೆ ಸೀಳೀತು. ವಿಂಚ್ ಕೊಕ್ಕೆ ಆಕ್ಸಲ್ ಅಥವಾ ಷಾಸಿಗೇ ಬೀಳಲಿ, ಬಂಪರಿಗಲ್ಲ. ಡಬ್ಬಗಳಲ್ಲಿರುವ ಬಿಡಿಭಾಗಗಳನ್ನು ಕಾರಿಗಿಂತ ಮೊದಲೇ ಗಾಡಿಗೆ ಹಾಕಿಕೊಳ್ಳಿ. ‘ಆಮೇಲೆ ಒಯ್ಯುತ್ತೇನೆ’ ಎಂದು ಬಿಟ್ಟುಬಂದ ಡಬ್ಬ ಗುಜರಿಗೆ ಹೋಗುವುದೇ ಹೆಚ್ಚು.