ಒಂಬತ್ತು ಅಕ್ಷರದ ಆಪರೇಷನ್

ವಿಜಯಪುರದ ನಮ್ಮ ವಾರ್ಡಿಗೆ ಹೊಸದಾಗಿ ಬಂದ ಸಿಸ್ಟರ್ ಮೊನ್ನೆ ಕೇಸ್ ಶೀಟ್ ಹಿಡಿದು ನಿಂತಿದ್ದರು. ಮರುದಿನದ ಆಪರೇಷನ್‌ಗಳ ಪಟ್ಟಿ, ಓಟಿ ಲಿಸ್ಟ್, ಫೋನಿನಲ್ಲಿ ಹೇಳಬೇಕಿತ್ತು. "ಸರ್, ಇದನ್ನ ಹೆಂಗ ಓದೂದ್ರಿ? ಚೋಲೆಡೋಚೋ... ಮುಂದ ನಾಲಿಗಿ ಹೊರಳವಲ್ದರಿ" ಅಂದರು.

ಆ ಪದ ಕೋಲೆಡೊಕೊಜೆಜುನಾಸ್ಟಮಿ. ಕಲ್ಲು, ಗಡ್ಡೆ ಏನಾದರೂ ಅಡ್ಡ ಬಂದು ಪಿತ್ತನಾಳ ಕಟ್ಟಿಕೊಂಡರೆ ಕಾಮಣಿ ಆಗುತ್ತದೆ. ಆಗ ಕೆಲವರಿಗೆ ಆ ನಾಳವನ್ನು ಸಣ್ಣ ಕರುಳಿಗೆ ಹೊಲಿದು ಪಿತ್ತಕ್ಕೆ ಬೇರೆ ದಾರಿ ಮಾಡಿಕೊಡುತ್ತೇವೆ. ಅದೇ ಈ ಆಪರೇಷನ್.

ಇಂಥ ಪದವನ್ನು ಒಂದೇ ಉಸಿರಿಗೆ ಓದಬಾರದು. ಮೊದಲು ಒಡೆಯಬೇಕು. ಗ್ರೀಕ್‌ನಲ್ಲಿ ಕೋಲೆ ಅಂದರೆ ಪಿತ್ತ. ಕೋಲೆಡೊಕೊ ಅಂದರೆ ಪಿತ್ತ ತುಂಬಿಕೊಳ್ಳುವ ನಾಳ. ಜೆಜುನ ಸಣ್ಣ ಕರುಳಿನ ನಡುಭಾಗ. ಲ್ಯಾಟಿನ್‌ನಲ್ಲಿ ಈ ಹೆಸರಿಗೆ 'ಖಾಲಿ' ಎಂಬ ಅರ್ಥವಿದೆ. ಹಳೆಯ ಕಾಲದ ವೈದ್ಯರು ಹೆಣ ಕೊಯ್ದು ನೋಡಿದಾಗ ಈ ಭಾಗ ಬರಿದಾಗಿ ಕಾಣುತ್ತಿತ್ತಂತೆ. ಕೊನೆಯ ಆಸ್ಟಮಿ ಅಂದರೆ ಬಾಯಿ ಮಾಡುವುದು.

ಇನ್ನು ಆ ಚ. ಸಿ-ಎಚ್ ಕಂಡ ಕೂಡಲೇ ಚ ಅನ್ನುವುದು ನಮ್ಮ ರೂಢಿ. ಆದರೆ ಕೊಲೆಸ್ಟ್ರಾಲ್‌ಗೆ ಯಾರೂ ಚೊಲೆಸ್ಟ್ರಾಲ್ ಅನ್ನುವುದಿಲ್ಲ, ಅಲ್ವಾ? ಅಲ್ಲಿರುವುದೂ ಇದೇ ಪಿತ್ತದ ಕೋಲೆ. ಆ ವಸ್ತು ಮೊದಲು ಸಿಕ್ಕಿದ್ದೇ ಪಿತ್ತದ ಕಲ್ಲಿನಲ್ಲಿ.

ಓದುವಾಗ ದನಿಯ ಒತ್ತು ಎಲ್ಲಿ ಕೊಡಬೇಕು? ಹೈಸ್ಕೂಲಿನಲ್ಲಿ ಲಘು-ಗುರು ಹಾಕಿದ್ದು ಇಲ್ಲಿ ನೆನಪಿಗೆ ಬರಲಿ. ಒತ್ತಕ್ಷರದ ಹಿಂದಿನ ಅಕ್ಷರ ಗುರು. ಕೋ-ಲೆ-ಡೊ-ಕೊ-ಜೆ-ಜು-ನಾ-ಸ್ಟ-ಮಿ: ಕೊನೆಯಿಂದ ಮೂರನೆಯದು ನಾ, ಮುಂದೆ ಸ್ಟ ಇರುವುದರಿಂದ ಗುರು, ಅಲ್ಲೇ ದನಿ ಏರಬೇಕು. ಪಿತ್ತಕೋಶ ತೆಗೆಯುವ ಕೋಲಿಸಿಸ್ಟೆಕ್ಟಮಿಯಲ್ಲೂ ಕೊನೆಯಿಂದ ಮೂರನೆಯ 'ಸ್ಟೆ' ಮೇಲೆಯೇ ದನಿಯ ಒತ್ತು. 1882ರಲ್ಲಿ ಬರ್ಲಿನ್ನಿನ ಕಾರ್ಲ್ ಲಾಂಗೆನ್‌ಬುಕ್ ಮೊದಲು ಮಾಡಿದ ಆಪರೇಷನ್ ಅದು.

ಒತ್ತು ಬೀಳುವ ಈ ಜಾಗವನ್ನೇ ನುಂಗಿಬಿಟ್ಟರೆ ನನಗೆ ಭಯವಾಗುತ್ತದೆ. ಕೊಲೆಕ್ಟಮಿ ಅಂದರೆ ದೊಡ್ಡ ಕರುಳನ್ನು ತೆಗೆಯುವುದು. ಕೊಲಾಸ್ಟಮಿ ಅಂದರೆ ಅದೇ ಕರುಳಿಗೆ ಹೊಟ್ಟೆಯ ಮೇಲೆ ಬಾಯಿ ಮಾಡುವುದು. ಫೋನಿನ ಗದ್ದಲದಲ್ಲಿ ಎರಡೂ ಒಂದೇ ಥರ ಕೇಳಿಸುತ್ತವೆ. ಅದಕ್ಕೇ ನಮ್ಮಲ್ಲಿ ಕೇಳಿಸಿಕೊಂಡವರು ತಿರುಗಿ ಹೇಳಲೇಬೇಕು.

ಸಿಸ್ಟರ್ ಒಂಬತ್ತೂ ಅಕ್ಷರವನ್ನು ಶೀಟಿನ ಅಂಚಿನಲ್ಲಿ ಕನ್ನಡದಲ್ಲಿ ಬರೆದುಕೊಂಡರು. 'ನಾ' ಕೆಳಗೆ ಗೆರೆ ಎಳೆದರು. ಆಮೇಲೆ ಫೋನ್ ಎತ್ತಿ ನಿಧಾನವಾಗಿ ಓದಿದರು. ಆ ಕಡೆಯಿಂದ ಅದೇ ಪದ ಸರಿಯಾಗಿ ತಿರುಗಿ ಬಂತು.